ಹುಡುಗ ಬರುವ ಹೊತ್ತಿಗೆ ಗುರು ಹೊರಟಿರುತ್ತಾನೆ

2024ರ ನವೆಂಬರ್ 28, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಕ್ರೀಡಾಂಗಣದಲ್ಲಿ ಶಿಕಾಗೊ ಬೇರ್ಸ್ ತಂಡ ಆತಿಥೇಯ ಲಯನ್ಸ್ ಎದುರು 20-23ರಿಂದ ಹಿಂದಿತ್ತು. ಅರ್ಧ ಆಟ ಮುಗಿದಾಗ 0-16 ಎಂದು ನೆಲಕಚ್ಚಿದ್ದ ತಂಡ ಅಲ್ಲಿಯವರೆಗೆ ಎದ್ದು ಬಂದಿದ್ದೇ ದೊಡ್ಡದು. ಚೆಂಡು ಎದುರಾಳಿಯ 35 ಗಜದ ಗೆರೆಯ ಮೇಲಿತ್ತು. ಇನ್ನಷ್ಟು ಗಜ ಸರಿದರೆ ಕಂಬಗಳ ನಡುವೆ ಚೆಂಡನ್ನು ಒದ್ದು ಮೂರು ಅಂಕ ಪಡೆದು ಸಮ ಮಾಡಿಕೊಳ್ಳಬಹುದು. ಆಗ ಬೇರ್ಸ್‌ನ 23 ವರ್ಷದ ಹೊಸ ಕ್ವಾರ್ಟರ್‌ಬ್ಯಾಕ್ ಕ್ಯಾಲೆಬ್ ವಿಲಿಯಮ್ಸ್ ಎಸೆಯಲು ಜಾಗ ಹುಡುಕುವಷ್ಟರಲ್ಲಿ ಎದುರಾಳಿ ಬಂದು ಅವನನ್ನು ಕೆಡವಿದ. ಆರು ಗಜ ನಷ್ಟ. ಗಡಿಯಾರದಲ್ಲಿ ಉಳಿದದ್ದು ಸುಮಾರು 32 ಸೆಕೆಂಡು. ಕೈಯಲ್ಲಿ ಗಡಿಯಾರ ನಿಲ್ಲಿಸುವ ಒಂದು ಟೈಮ್‌ಔಟ್ ಇತ್ತು.

ಅದನ್ನು ಯಾರೂ ಕೇಳಲಿಲ್ಲ. ಗಡಿಯಾರ ಓಡುತ್ತಲೇ ಇತ್ತು. ಆಟಗಾರರು ಅತ್ತಿಂದಿತ್ತ ಸಾಲುಗೂಡುತ್ತಿದ್ದರು, ವಿಲಿಯಮ್ಸ್ ಕೈಸನ್ನೆಯಲ್ಲಿ ಏನೋ ಬದಲಾಯಿಸುತ್ತಿದ್ದ, ಮೈದಾನದಂಚಿನಲ್ಲಿ ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ನೋಡುತ್ತ ನಿಂತಿದ್ದರು. ಕೊನೆಗೆ ಚೆಂಡು ಕೈಗೆ ಬಂದಾಗ ಉಳಿದದ್ದು ಆರು ಸೆಕೆಂಡು. ಉದ್ದಕ್ಕೆ ಎಸೆದ ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿತ್ತು, ಆಟ ಮುಗಿಯಿತು, ಟೈಮ್‌ಔಟ್ ಜೇಬಿನಲ್ಲೇ ಉಳಿಯಿತು. ಮಾರನೆಯ ದಿನ ಬೆಳಿಗ್ಗೆ ಎಬರ್‌ಫ್ಲೂಸ್ ಪತ್ರಕರ್ತರೆದುರು ಮುಂದಿನ ಪಂದ್ಯದ ಸಿದ್ಧತೆಯ ಮಾತಾಡಿದರು. ಮಧ್ಯಾಹ್ನದ ವೇಳೆಗೆ ಅವರ ತಲೆದಂಡವಾಗಿತ್ತು. 1920ರಲ್ಲಿ ಹುಟ್ಟಿದ ಈ ತಂಡ ಋತುವಿನ ನಡುವೆ ಹೆಡ್ ಕೋಚನ್ನು ಕಿತ್ತುಹಾಕಿದ್ದು ಅದೇ ಮೊದಲು.

ತಪ್ಪು ಯಾರದು? ಶಿಕಾಗೊದ ಅಭಿಮಾನಿಗಳು ಅಂದು ರಾತ್ರಿಯೇ ಎರಡು ಹೋಳಾದರು. ಕೋಚ್ ಟೈಮ್‌ಔಟ್ ಕೇಳಬೇಕಿತ್ತು, ಇಷ್ಟು ಸರಳ ಲೆಕ್ಕ ಗೊತ್ತಿಲ್ಲದವನಿಗೆ ಆ ಕೆಲಸ ಯಾಕೆ ಎಂದಿತು ಒಂದು ಗುಂಪು. ಟೈಮ್‌ಔಟ್ ಆಟಗಾರನೂ ಕೇಳಬಹುದಲ್ಲ, ಮೊದಲ ಸ್ಥಾನದಲ್ಲಿ ಆರಿಸಿ ತಂದ ಹುಡುಗನಿಗೆ ಗಡಿಯಾರ ನೋಡಲು ಬರುವುದಿಲ್ಲವೇ ಎಂದಿತು ಇನ್ನೊಂದು. ಎಬರ್‌ಫ್ಲೂಸ್ ಕೊಟ್ಟ ವಿವರಣೆ ಎರಡಕ್ಕೂ ತುಪ್ಪ ಸುರಿಯಿತು: 18 ಸೆಕೆಂಡು ಇರುವಾಗ ಇನ್ನೊಂದು ಎಸೆತ ಮುಗಿಸಿ, ಕಿಕ್ ದೂರಕ್ಕೆ ಬಂದ ಮೇಲೆ ಟೈಮ್‌ಔಟ್ ಬಳಸುವ ಯೋಜನೆ ಇತ್ತಂತೆ. ಯೋಜನೆ ಕೋಚ್‌ನದು, ನಡೆಸಬೇಕಾದವನು ಕ್ವಾರ್ಟರ್‌ಬ್ಯಾಕ್. ಹಾಗಾದರೆ ಕೆಟ್ಟದ್ದು ಯೋಜನೆಯೋ ನಡೆಸಿದ್ದೋ?

ಶಿಕಾಗೊ ಹೊರವಲಯದ ನೇಪರ್‌ವಿಲ್, ಶಾಂಬರ್ಗ್ ಕಡೆ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹಬ್ಬದೂಟದ ಜೊತೆ ಈ ಪ್ರಶ್ನೆಯನ್ನೂ ಬಡಿಸಿಕೊಂಡವರು ಇದ್ದಾರೆ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಶುರುವಾದ ಪಂದ್ಯ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಆರಂಭವಾಗಿತ್ತು. ನಿದ್ದೆಗೆಟ್ಟು ನೋಡಿದವರು ಇಲ್ಲಿ ಬೆರಳೆಣಿಕೆಯಷ್ಟೇ ಇರಬೇಕು. ಉಳಿದವರಿಗಾಗಿ ಆಟದ ಒಳಗುಟ್ಟನ್ನು ಸ್ವಲ್ಪ ಬಿಡಿಸಿಯೇ ಮುಂದೆ ಹೋಗಬೇಕು. ಅದಿಲ್ಲದೆ ಈ ಜಗಳ ಅರ್ಥವಾಗುವುದಿಲ್ಲ.

ನಾವು ಫುಟ್‌ಬಾಲ್ ಎನ್ನುವುದಕ್ಕೂ ಅಮೆರಿಕದ ಫುಟ್‌ಬಾಲ್‌ಗೂ ಹೆಸರೊಂದೇ ಸಮಾನ. ಇಲ್ಲಿ 100 ಗಜದ ಮೈದಾನ, ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಒಂದೊಂದು ಅವಕಾಶವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಸಣ್ಣ ಯುದ್ಧ. ಅದಕ್ಕೆ ಪ್ಲೇ ಎನ್ನುತ್ತಾರೆ. ಯಾರು ಎಲ್ಲಿಗೆ ಓಡಬೇಕು, ಯಾರು ಯಾರನ್ನು ತಡೆಯಬೇಕು, ಚೆಂಡು ಮೊದಲು ಯಾರತ್ತ ಹೋಗಬೇಕು ಎಂಬುದೆಲ್ಲ ಮೊದಲೇ ಬರೆದು ಕಲಿತದ್ದು. ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ ನೂರಮೂವತ್ತು ಕಿಲೋ ತೂಕದ ನಾಲ್ಕೈದು ಮಂದಿ ಅವನತ್ತ ನುಗ್ಗಿ ಬರುತ್ತಿರುತ್ತಾರೆ. ಎರಡೂವರೆ, ಮೂರು ಸೆಕೆಂಡು ಸಿಕ್ಕರೆ ಪುಣ್ಯ.

ಕ್ರಿಕೆಟ್‌ನಲ್ಲಿ ಕೋಚ್ ಪೆವಿಲಿಯನ್‌ನಲ್ಲಿ ಕೂತಿರುತ್ತಾನೆ, ಮೈದಾನ ಕ್ಯಾಪ್ಟನ್‌ನದು. ಇಲ್ಲಿ ಹಾಗಿಲ್ಲ. 1994ರಿಂದ ಈ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಸ್ಪೀಕರ್ ಇದೆ. ಪ್ರತಿ ಪ್ಲೇಗೂ ಮೊದಲು ಕೋಚ್ ಅದರಲ್ಲಿ ಪ್ಲೇಯ ಹೆಸರು ಹೇಳುತ್ತಾನೆ. ಎರಡು ಪ್ಲೇಗಳ ನಡುವೆ ಸಾಮಾನ್ಯವಾಗಿ 40 ಸೆಕೆಂಡು. ಅದರಲ್ಲಿ 15 ಸೆಕೆಂಡು ಉಳಿದಾಗ ಆ ರೇಡಿಯೊ ತಾನಾಗಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಹುಡುಗ ಒಬ್ಬಂಟಿ. ಎದುರಾಳಿ ನಿಂತ ಬಗೆ ನೋಡಿ ಅವನು ಪ್ಲೇ ಬದಲಾಯಿಸಲೂಬಹುದು, ಇದ್ದದ್ದನ್ನೇ ಆಡಲೂಬಹುದು. ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಪದ್ಯ ಭಾಗವತರದು, ಲಯವೂ ಅವರ ಕೈಯಲ್ಲಿ, ಪದ್ಯ ನಿಂತ ಮೇಲೆ ಹೇಳುವ ಅರ್ಥ ಮಾತ್ರ ವೇಷಧಾರಿಯದು. ರಂಗ ಕೆಟ್ಟರೆ ಭಾಗವತರು ತಪ್ಪು ಪದ್ಯ ಎತ್ತಿದರೋ, ವೇಷಕ್ಕೆ ಮಾತು ಹೊಳೆಯಲಿಲ್ಲವೋ ಎಂದು ಬೆಳಗಿನ ಜಾವ ಮನೆಗೆ ನಡೆಯುವ ಪ್ರೇಕ್ಷಕ ವಾದಿಸಬಹುದು. ಎರಡನ್ನೂ ಬೇರ್ಪಡಿಸಿ ತೋರಿಸುವುದು ಅವನಿಂದ ಆಗದು. ಅಮೆರಿಕದ ಅಭಿಮಾನಿಯ ಸಂಕಟವೂ ಇದೇ. ಟಿವಿಯಲ್ಲಿ ಅವನಿಗೆ ಕಾಣುವುದು ಎಸೆತ ಮಾತ್ರ. ಕಿವಿಯೊಳಗೆ ಬಂದ ಆಜ್ಞೆ ಏನಿತ್ತು, ಓಡಬೇಕಾದವನು ತಪ್ಪು ದಾರಿ ಹಿಡಿದನೇ, ತಡೆಯಬೇಕಾದವನು ಜಾರಿದನೇ ಎಂಬುದು ತಂಡದೊಳಗಿನವರಿಗೆ ಮಾತ್ರ ಗೊತ್ತು.

ಆದರೂ ಲೆಕ್ಕದ ಪುಸ್ತಕ ಎರಡೇ ಹೆಸರನ್ನು ಹಿಡಿಯುತ್ತದೆ. 53 ಜನರ ತಂಡದಲ್ಲಿ ಗೆಲುವು ಸೋಲು ಯಾರ ಹೆಸರಿನ ಮುಂದೆಯಾದರೂ ಬರೆಯಲಾಗುತ್ತದೆ ಎಂದರೆ ಅದು ಹೆಡ್ ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್, ಇಬ್ಬರದೇ. ಚೆಂಡು ತಡೆಯಲಾಗದ ರಕ್ಷಣಾ ಆಟಗಾರನ ಹೆಸರಿನಲ್ಲಿ ಸೋಲು ದಾಖಲಾಗುವುದಿಲ್ಲ. ಲೀಗ್ ಋತುವಿನಲ್ಲಿ ತಂಡಕ್ಕೆ ಸಿಗುವುದು 17 ಪಂದ್ಯ, ವಾರಕ್ಕೊಂದು. ನಡುವಿನ ಆರು ದಿನ ಶಿಕಾಗೊದ ಕ್ರೀಡಾ ರೇಡಿಯೊಗಳಿಗೆ ಮೇವು ಬೇಕು. ಕೋಚ್ ಇಲ್ಲವೇ ಕ್ವಾರ್ಟರ್‌ಬ್ಯಾಕ್, ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡು ದೂಷಿಸಿದರೆ ವಾರ ಕಳೆಯುತ್ತದೆ. ಇನ್ನೊಂದು ಅಗ್ಗದ ಉಪಾಯವೂ ಇದೆ, ಬೆಂಚಿನಲ್ಲಿ ಕೂತ ಮೀಸಲು ಕ್ವಾರ್ಟರ್‌ಬ್ಯಾಕ್‌ನನ್ನು ಹೊಗಳುವುದು. ಆಡದವನು ಇನ್ನೂ ಒಂದು ತಪ್ಪನ್ನೂ ಮಾಡಿರುವುದಿಲ್ಲವಲ್ಲ!

ಈ ಜಗಳ ಬೇರೆ ಊರುಗಳಲ್ಲೂ ಇದೆ. ಶಿಕಾಗೊದಲ್ಲಿ ಅದಕ್ಕೆ ಆಳವಾದ ಬೇರಿದೆ. ಲೀಗ್ ಕಟ್ಟಿದವರಲ್ಲಿ ಒಬ್ಬರಾದ ಜಾರ್ಜ್ ಹ್ಯಾಲಸ್ ಅವರ ತಂಡ ಇದು. ಇಂದಿಗೂ ಅವರ ಮಗಳ ವಂಶವಾದ ಮೆಕ್ಯಾಸ್ಕಿ ಕುಟುಂಬದ ಹಿಡಿತದಲ್ಲಿದೆ. 1940ರಲ್ಲಿ ಸಿಡ್ ಲಕ್‌ಮನ್ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಬೇರ್ಸ್ ತಂಡ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ವಾಷಿಂಗ್ಟನ್ ತಂಡವನ್ನು 73-0ರಿಂದ ಮಣ್ಣುಮುಕ್ಕಿಸಿತು. ಆ ಲಕ್‌ಮನ್ 1950ರ ತನಕ ಆಡಿ ಸೇರಿಸಿಟ್ಟ ಎಸೆತದ ಗಜಗಳ ದಾಖಲೆಯನ್ನು ಈ ಶತಮಾನದಲ್ಲಿ ಜೇ ಕಟ್ಲರ್ ಬಂದು ಮುರಿಯುವವರೆಗೆ ಇನ್ನೊಬ್ಬ ಬೇರ್ಸ್ ಆಟಗಾರ ಮುಟ್ಟಲಿಲ್ಲ. ಆರು ದಶಕ! 1986ರ ಜನವರಿಯಲ್ಲಿ ಮೈಕ್ ಡಿಟ್ಕಾ ಅವರ ಕೈಕೆಳಗೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದದ್ದೂ ಮುಖ್ಯವಾಗಿ ರಕ್ಷಣೆಯ ಬಲದಿಂದ. ಬೇರ್ಸ್ ಎಂದರೆ ಕೆಡವುವ ತಂಡ, ಎಸೆಯುವ ತಂಡವಲ್ಲ. ಲೀಗಿನ 32 ತಂಡಗಳಲ್ಲಿ ಒಂದು ಋತುವಿನಲ್ಲಿ 4,000 ಗಜ ಎಸೆದ ಕ್ವಾರ್ಟರ್‌ಬ್ಯಾಕ್‌ನನ್ನು ಇದುವರೆಗೆ ಕಾಣದ ತಂಡ ಇದೊಂದೇ.

ಅಭಿಮಾನಿಗಳ ಸಿಟ್ಟು ಎಷ್ಟು ಕುರುಡಾಗಬಲ್ಲದು ಎಂಬುದಕ್ಕೆ ಕಟ್ಲರ್‌ನೇ ಸಾಕ್ಷಿ. 2011ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದ ಪಂದ್ಯ, ಎದುರಿಗೆ ನೂರು ವರ್ಷದ ವೈರಿ ಗ್ರೀನ್ ಬೇ ಪ್ಯಾಕರ್ಸ್. ಕಟ್ಲರ್ ಮೊಣಕಾಲು ನೋಯಿಸಿಕೊಂಡು ಮೂರನೇ ಕ್ವಾರ್ಟರ್‌ನಲ್ಲಿ ಹೊರನಡೆದ. ಬೇರ್ಸ್ 21-14ರಿಂದ ಸೋತಿತು. ಹೇಡಿ, ನೋವಿನ ನಾಟಕ ಎಂದು ಬೈದು ಅವನ ಹೆಸರಿನ ಅಂಗಿಗಳಿಗೆ ಬೆಂಕಿ ಇಟ್ಟರು. ಸ್ಕ್ಯಾನ್ ಮಾಡಿದಾಗ ಮೊಣಕಾಲಿನ ಅಸ್ಥಿರಜ್ಜು ನಿಜಕ್ಕೂ ಹರಿದಿತ್ತು. ಆದರೆ ಸುಟ್ಟದ್ದು ಸುಟ್ಟಾಗಿತ್ತು.

ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ನಡುವೆ ತಪ್ಪನ್ನು ಹಂಚುವ ಈ ಜಗಳವೇ ದಾರಿ ತಪ್ಪಿದ್ದು ಎಂದು ನನಗನ್ನಿಸುತ್ತದೆ. ಶಿಕಾಗೊದ ಕಳೆದ ಮೂವರು ಕ್ವಾರ್ಟರ್‌ಬ್ಯಾಕ್‌ಗಳ ಕತೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ಹುಡುಗರು ಬೇರೆ, ಕೋಚ್‌ಗಳೂ ಬೇರೆ. ತಪ್ಪು ಮಾತ್ರ ಅದೇ, ಮತ್ತು ಅದು ಮೈದಾನದಲ್ಲಿ ಆದದ್ದಲ್ಲ.

2017ರ ಡ್ರಾಫ್ಟ್. ಕಾಲೇಜು ಆಟಗಾರರನ್ನು ಲೀಗ್ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಸಂತೆ ಇದು. ಹಿಂದಿನ ವರ್ಷ ಕೊನೆಯಲ್ಲಿದ್ದವರಿಗೆ ಮೊದಲ ಸರದಿ. ಮೂರನೇ ಸರದಿಯಲ್ಲಿದ್ದ ಬೇರ್ಸ್, ಒಂದೇ ಒಂದು ಸ್ಥಾನ ಮೇಲೇರಲು ಇನ್ನೂ ಮೂರು ಆಯ್ಕೆಗಳನ್ನು ಬಿಟ್ಟುಕೊಟ್ಟು ಮಿಚ್ ಟ್ರುಬಿಸ್ಕಿಯನ್ನು ಆರಿಸಿತು. ಹತ್ತನೇ ಸರದಿಯವರೆಗೂ ಉಳಿದಿದ್ದವನು ಪ್ಯಾಟ್ರಿಕ್ ಮಹೋಮ್ಸ್, ಮುಂದೆ ಕ್ಯಾನ್ಸಸ್ ಸಿಟಿಗೆ ಮೂರು ಸೂಪರ್ ಬೌಲ್ ಗೆದ್ದುಕೊಟ್ಟವನು. ಶಿಕಾಗೊದಲ್ಲಿ ಈ ಹೆಸರು ಎತ್ತಿದರೆ ಊಟ ಬಿಡುವವರಿದ್ದಾರೆ. ನಾನು ಹೇಳಹೊರಟದ್ದು ಇನ್ನೊಂದು ವಿಷಯ. ಟ್ರುಬಿಸ್ಕಿ ಬಂದಾಗ ಕೋಚ್ ಆಗಿದ್ದವರು ಜಾನ್ ಫಾಕ್ಸ್, ರಕ್ಷಣೆಯಲ್ಲಿ ಪಳಗಿದ ಹಳೆಯ ಹುಲಿ. ಅದಕ್ಕೂ ಹಿಂದಿನ ಎರಡು ವರ್ಷ ಬರೀ ಸೋಲು ಕಂಡು ಅವರ ಕುರ್ಚಿ ಅಲ್ಲಾಡುತ್ತಿತ್ತು. ಆ ಋತು ಮುಗಿದ ಕೂಡಲೇ ಅವರನ್ನು ಕಳಿಸಲಾಯಿತು. ಹುಡುಗ ಎರಡನೇ ವರ್ಷ ಹೊಸ ಕೋಚ್ ಮ್ಯಾಟ್ ನ್ಯಾಗಿ ಅವರ ಹೊಸ ಪಾಠ ಶುರುವಿನಿಂದ ಕಲಿಯಬೇಕಾಯಿತು.

2021ರಲ್ಲಿ ಅದೇ ನ್ಯಾಗಿಯವರ ಕುರ್ಚಿ ಅಲ್ಲಾಡುತ್ತಿತ್ತು. ಅವರ, ಹಾಗೂ ಜನರಲ್ ಮ್ಯಾನೇಜರ್ ರಯನ್ ಪೇಸ್ ಅವರ ಕೊನೆಯ ದಾಳವಾಗಿ ಬಂದವನು ಜಸ್ಟಿನ್ ಫೀಲ್ಡ್ಸ್. ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಅಡವಿಟ್ಟು ತಂದ ಹುಡುಗ. ಅವನು ಮೊದಲ ಬಾರಿ ಆರಂಭದಿಂದ ಆಡಿದ ಪಂದ್ಯ ಆ ವರ್ಷದ ಸೆಪ್ಟೆಂಬರ್ 26ರಂದು, ಕ್ಲೀವ್‌ಲ್ಯಾಂಡ್‌ನಲ್ಲಿ. ಒಂಬತ್ತು ಬಾರಿ ಅವನನ್ನು ಕೆಡವಿದರು. ಇಡೀ ಪಂದ್ಯದಲ್ಲಿ ಬೇರ್ಸ್ ಗಳಿಸಿದ್ದು 47 ಗಜ. ಎಸೆತದಿಂದ ಬಂದ ನಿವ್ವಳ ಗಳಿಕೆ ಒಂದು ಗಜ. ಒಂದು! ವೇಗವಾಗಿ ಓಡಬಲ್ಲ ಹುಡುಗನನ್ನು ಕಂಬದಂತೆ ನಿಲ್ಲಿಸಿ ಎಸೆಯಲು ಹೇಳಿದ ಆ ಯೋಜನೆಯನ್ನು ನ್ಯಾಗಿಯವರ ಕಟ್ಟಾ ಬೆಂಬಲಿಗರೂ ಸಮರ್ಥಿಸಲಿಲ್ಲ. ಋತು ಮುಗಿದಾಗ ನ್ಯಾಗಿ, ಪೇಸ್ ಇಬ್ಬರೂ ಹೊರಗೆ. ಫೀಲ್ಡ್ಸ್ ಮಾತ್ರ ಅಲ್ಲೇ, ಅವನನ್ನು ಆರಿಸದ ಹೊಸ ಯಜಮಾನರ ಕೈಯಲ್ಲಿ.

ಹೊಸ ಜನರಲ್ ಮ್ಯಾನೇಜರ್ ರಯನ್ ಪೋಲ್ಸ್, ಹೊಸ ಕೋಚ್ ಎಬರ್‌ಫ್ಲೂಸ್. ಇವರೂ ರಕ್ಷಣೆಯ ತಜ್ಞರೇ, ಇಂಡಿಯಾನಾಪೊಲಿಸ್‌ನಿಂದ ಬಂದವರು. 2022ರಲ್ಲಿ ಫೀಲ್ಡ್ಸ್ ಓಡಿಯೇ 1,143 ಗಜ ಗಳಿಸಿದ, ತಂಡ ಮಾತ್ರ 17ರಲ್ಲಿ ಮೂರನ್ನು ಗೆದ್ದಿತು. ಹುಡುಗ ಬೆಳೆಯುತ್ತಿದ್ದಾನೆಯೇ, ಬರೀ ಓಡುತ್ತಿದ್ದಾನೆಯೇ? 2023ರ ಸೆಪ್ಟೆಂಬರ್‌ನಲ್ಲಿ ನಿನ್ನ ಆಟ ಯಾಂತ್ರಿಕವಾಗಿ ಕಾಣುತ್ತಿದೆಯಲ್ಲ ಎಂದು ಪತ್ರಕರ್ತರು ಕೇಳಿದಾಗ, ಕೋಚಿಂಗ್ ಕಾರಣ ಇರಬಹುದು ಎಂಬರ್ಥದ ಮಾತು ಅವನ ಬಾಯಿಂದ ಜಾರಿತು. ಊರು ಹೊತ್ತಿಕೊಂಡಿತು. ಕೆಲವೇ ಗಂಟೆಗಳಲ್ಲಿ ಅವನು ಮತ್ತೆ ಬಂದು, ನಾನು ಯಾರನ್ನೂ ದೂರಿಲ್ಲ, ತಪ್ಪು ನನ್ನದೇ ಎಂದು ಸಮಜಾಯಿಷಿ ಕೊಡಬೇಕಾಯಿತು. ಅಭಿಮಾನಿಗಳು ದಿನವೂ ಆಡುವ ಮಾತನ್ನೇ ಅವನು ಆಡಿದ್ದ. ಆದರೆ ಆಟಗಾರ ಅದನ್ನು ಆಡುವಂತಿಲ್ಲ.

ಇಷ್ಟರ ನಡುವೆ ಪೋಲ್ಸ್ ಒಂದು ಜಾಣ ವ್ಯಾಪಾರ ಮಾಡಿದ್ದರು. 2023ರ ಮೊದಲ ಆಯ್ಕೆಯನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಮಾರಿ, ಡಿಜೆ ಮೂರ್ ಎಂಬ ಒಳ್ಳೆಯ ಆಟಗಾರನ ಜೊತೆಗೆ ಅವರ 2024ರ ಮೊದಲ ಸುತ್ತಿನ ಆಯ್ಕೆಯನ್ನೂ ಪಡೆದಿದ್ದರು. ಪ್ಯಾಂಥರ್ಸ್ ಎರಡೇ ಪಂದ್ಯ ಗೆದ್ದು ಲೀಗಿನ ಕೊನೆಗೆ ಬಿತ್ತು. ಹಾಗಾಗಿ 2024ರ ಮೊಟ್ಟಮೊದಲ ಆಯ್ಕೆ ಕೂತಲ್ಲೇ ಬೇರ್ಸ್‌ಗೆ ಸಿಕ್ಕಿತು. ಫೀಲ್ಡ್ಸ್‌ನನ್ನು ಪಿಟ್ಸ್‌ಬರ್ಗ್‌ಗೆ ಪುಡಿಗಾಸಿಗೆ ಕೊಟ್ಟು, ಕ್ಯಾಲೆಬ್ ವಿಲಿಯಮ್ಸ್‌ನನ್ನು ತಂದರು.

ಇಲ್ಲಿ ಹಣದ ಮಾತು ಸ್ವಲ್ಪ. ಹೊಸಬರ ಸಂಬಳಕ್ಕೆ 2011ರಿಂದ ಮಿತಿ ಇದೆ. ವಿಲಿಯಮ್ಸ್‌ನ ನಾಲ್ಕು ವರ್ಷದ ಒಪ್ಪಂದದ ಒಟ್ಟು ಮೊತ್ತ ಸುಮಾರು 3.95 ಕೋಟಿ ಡಾಲರ್. ಅದೇ ವರ್ಷ ಡಲ್ಲಸ್‌ನ ಡ್ಯಾಕ್ ಪ್ರೆಸ್ಕಾಟ್‌ಗೆ ಸಿಕ್ಕಿದ್ದು ವರ್ಷಕ್ಕೆ 6 ಕೋಟಿ. ತಂಡವೊಂದು ಎಲ್ಲರ ಸಂಬಳಕ್ಕೂ ಸೇರಿ ಖರ್ಚು ಮಾಡಬಹುದಾದ ಮಿತಿ ಆಗ 25.5 ಕೋಟಿಯ ಆಸುಪಾಸು. ಅಂದರೆ ಒಳ್ಳೆಯ ಹುಡುಗ ಅಗ್ಗಕ್ಕೆ ಸಿಗುವ ನಾಲ್ಕೈದು ವರ್ಷದಲ್ಲೇ ತಂಡ ಕಟ್ಟಿಕೊಳ್ಳಬೇಕು. ಅದರಲ್ಲಿ ಮೊದಲ ವರ್ಷ ಪೋಲಾದರೆ ಅದು ಮತ್ತೆ ಬರುವುದಿಲ್ಲ.

2024ರ ಜನವರಿಯಲ್ಲಿ ಪೋಲ್ಸ್ ಮುಂದೆ ದಾರಿ ತೆರೆದೇ ಇತ್ತು. ಮೂರು ತಿಂಗಳಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಬರುವುದು ಹೆಚ್ಚುಕಡಿಮೆ ಗೊತ್ತಿತ್ತು, ಆಕ್ರಮಣದ ಹೊಣೆ ಹೊತ್ತ ಕೋಚ್‌ನನ್ನು ಹೊರಹಾಕಿಯೂ ಆಗಿತ್ತು. ಆದರೂ ಎಬರ್‌ಫ್ಲೂಸ್ ಉಳಿದರು. ಋತುವಿನ ಕೊನೆಯಲ್ಲಿ ರಕ್ಷಣೆ ಚೆನ್ನಾಗಿ ಆಡಿತು, ಏಳು ಗೆಲುವು ಬಂತು ಎಂಬುದು ಕಾರಣ. ಟೈಮ್‌ಔಟ್ ಕೇಳದ ಆ 32 ಸೆಕೆಂಡಿಗಿಂತ ದೊಡ್ಡ ತಪ್ಪು ನಡೆದದ್ದು ಈ ನಿರ್ಧಾರದಲ್ಲಿ. ಅದು ನಡೆದಾಗ ಕ್ರೀಡಾಂಗಣ ಖಾಲಿ ಇತ್ತು.

ಮುಂದಿನದು ಚಳಿಗಾಲದ ಹಾಗೆ ಬಂದೇ ಬಂತು. ಮೊದಲ ಆರರಲ್ಲಿ ನಾಲ್ಕು ಗೆದ್ದ ತಂಡ ಅಕ್ಟೋಬರ್ 27ರಂದು ವಾಷಿಂಗ್ಟನ್‌ಗೆ ಹೋಯಿತು. ಕೊನೆಯ ಅರ್ಧ ನಿಮಿಷದಲ್ಲಿ 15-12ರ ಮುನ್ನಡೆ. ಕೊನೆಯ ಎಸೆತಕ್ಕೆ ಎದುರಾಳಿ ಚೆಂಡು ಹಿಡಿದು ನಿಂತಾಗ ಬೇರ್ಸ್‌ನ ರಕ್ಷಣಾ ಆಟಗಾರ ಟೈರೀಕ್ ಸ್ಟೀವನ್‌ಸನ್ ಆಟದತ್ತ ಬೆನ್ನು ಹಾಕಿ ಪ್ರೇಕ್ಷಕರನ್ನು ಅಣಕಿಸುತ್ತಿದ್ದ. ದೇವರ ಮೇಲೆ ಭಾರ ಹಾಕಿ 50 ಗಜಕ್ಕೂ ದೂರ ಎಸೆದ ಚೆಂಡು ಗುಂಪಿನಲ್ಲಿ ತಾಗಿ ಹಿಂದೆ ನಿಂತಿದ್ದ ನೋವಾ ಬ್ರೌನ್ ಕೈ ಸೇರಿತು. 18-15. ಅಂದಿನಿಂದ ಜನವರಿಯವರೆಗೆ ಬೇರ್ಸ್ ಗೆದ್ದೇ ಇಲ್ಲ, ಸತತ ಹತ್ತು ಸೋಲು. ಒಂದು ಪಂದ್ಯ ಪ್ಯಾಕರ್ಸ್ ಎದುರು ಕೊನೆಯ ಕಿಕ್ ತಡೆಯಲ್ಪಟ್ಟು 19-20ರಿಂದ ಹೋಯಿತು, ಇನ್ನೊಂದು ಮಿನೆಸೋಟ ಎದುರು ಹೆಚ್ಚುವರಿ ಅವಧಿಯಲ್ಲಿ. ನಡುವೆ ಪ್ಲೇ ಕರೆಯುವ ಶೇನ್ ವಾಲ್ಡ್ರನ್ ಅವರನ್ನು ತೆಗೆದು ಥಾಮಸ್ ಬ್ರೌನ್ ಅವರನ್ನು ತಂದರು. ಎರಡು ವಾರ ಕಳೆದ ಮೇಲೆ ಅದೇ ಬ್ರೌನ್ ಹಂಗಾಮಿ ಹೆಡ್ ಕೋಚ್. ಮೊದಲ ವರ್ಷದ ಹುಡುಗನ ಕಿವಿಯಲ್ಲಿ ಒಂದೇ ಋತುವಿನೊಳಗೆ ಎರಡು ದನಿ.

ಮತ್ತೆ ಅವನನ್ನು ಕೆಡವಿದ್ದು 68 ಬಾರಿ. ಲೀಗಿನ ಇತಿಹಾಸದಲ್ಲೇ ಒಂದು ಋತುವಿನ ಮಟ್ಟಿಗೆ ಇದು ಮೂರನೇ ಅತಿ ದೊಡ್ಡ ಸಂಖ್ಯೆ. ಈ 68 ಯಾರ ಲೆಕ್ಕಕ್ಕೆ? ಚೆಂಡನ್ನು ಹೆಚ್ಚು ಹೊತ್ತು ಹಿಡಿದಿರುತ್ತಾನೆ ಎಂಬುದು ವಿಲಿಯಮ್ಸ್ ಮೇಲಿನ ದೂರು, ಅದು ಸುಳ್ಳಲ್ಲ. ಆದರೆ ಅವನ ಮುಂದೆ ಗೋಡೆಯಾಗಿ ನಿಲ್ಲಬೇಕಾದ ಐದು ಜನರ ಸಾಲು ಬಿರುಕು ಬಿಟ್ಟದ್ದೂ ಅಷ್ಟೇ ನಿಜ. ಆ ಸಾಲನ್ನು ಕಟ್ಟುವುದು ಕೋಚ್ ಅಲ್ಲ, ಜನರಲ್ ಮ್ಯಾನೇಜರ್. ಆ ಹೆಸರು ಅಭಿಮಾನಿಗಳ ಜಗಳದಲ್ಲಿ ಅಪರೂಪಕ್ಕೆ ಬರುತ್ತದೆ. ಮೇಲಿನವರ ನೆನಪಾದದ್ದು ಡಿಸೆಂಬರ್ 26ರಂದು, ತವರು ಮೈದಾನ ಸೋಲ್ಜರ್ ಫೀಲ್ಡ್‌ನಲ್ಲಿ ಸಿಯಾಟಲ್ ಎದುರು 3-6ರಿಂದ ಸೋತ ರಾತ್ರಿ. ತಂಡ ಮಾರಿಬಿಡಿ ಎಂದು ಪ್ರೇಕ್ಷಕರು ಒಕ್ಕೊರಲಿನಿಂದ ಕೂಗಿದರು. ಶಿಕಾಗೊದ ಅಭಿಮಾನಿಗಳು ಆ ವರ್ಷ ಆಡಿದ ಮಾತುಗಳಲ್ಲಿ ಗುರಿಗೆ ಹತ್ತಿರ ಹೋದದ್ದು ಅದೊಂದೇ ಎನ್ನಬೇಕು.

ಇದು ಶಿಕಾಗೊದ ಶಾಪ ಎನ್ನುವವರಿದ್ದಾರೆ. ಶಾಪವಲ್ಲ, ಲೀಗಿನ ರಚನೆಯೇ ಹಾಗಿದೆ. 2016ರಿಂದ 2024ರವರೆಗೆ ಏಳು ಬಾರಿ ಡ್ರಾಫ್ಟಿನ ಮೊದಲ ಆಯ್ಕೆ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಅವರಲ್ಲಿ ಐವರ ಹೆಡ್ ಕೋಚ್‌ಗಳು ಹುಡುಗನ ಮೊದಲ ಋತು ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು. ಜ್ಯಾರೆಡ್ ಗಾಫ್, ಬೇಕರ್ ಮೇಫೀಲ್ಡ್, ಟ್ರೆವರ್ ಲಾರೆನ್ಸ್, ಬ್ರೈಸ್ ಯಂಗ್, ಈಗ ವಿಲಿಯಮ್ಸ್. ಲಾರೆನ್ಸ್ ಮತ್ತು ಯಂಗ್‌ಗೆ ಸಿಕ್ಕಿದ್ದು ಹೊಸ ಕೋಚ್‌ಗಳೇ, ಅವರೂ ವರ್ಷ ಪೂರೈಸಲಿಲ್ಲ. ಸೋತವನಿಗೆ ಮೊದಲ ಆಯ್ಕೆ ಎಂಬ ನ್ಯಾಯ ಕೇಳಲು ಚೆಂದ. ಆ ವರ್ಷದ ಅತ್ಯುತ್ತಮ ಹುಡುಗ ನೇರವಾಗಿ ಅತ್ಯಂತ ಕೆಟ್ಟ ಆಡಳಿತದ ತಂಡಕ್ಕೆ ಹೋಗುತ್ತಾನೆ ಎಂಬುದು ಅದರ ಇನ್ನೊಂದು ಮಗ್ಗುಲು. ವಿಲಿಯಮ್ಸ್‌ನ ತಂದೆಗೆ ಇದು ಮೊದಲೇ ಗೊತ್ತಿತ್ತು. ಮಗನನ್ನು ಶಿಕಾಗೊಗೆ ಸೇರದಂತೆ ತಪ್ಪಿಸುವ ದಾರಿಗಳನ್ನು ಅವರು ಹುಡುಕಿದ್ದರೆಂಬುದು 2025ರಲ್ಲಿ ಸೆತ್ ವಿಕರ್ಷಮ್ ಅವರ ಪುಸ್ತಕದಿಂದ ಬಯಲಾಯಿತು. ಆಗಲೂ ಊರಿಗೆ ಸಿಟ್ಟು ಬಂತು. ನನಗಂತೂ ಆ ತಂದೆಯ ಮೇಲೆ ಸಿಟ್ಟು ಬರಲಿಲ್ಲ.

ಕೋಚ್ ಬದಲಾದರೆ ಹುಡುಗ ಬದಲಾಗುತ್ತಾನೆಯೇ ಎಂಬುದಕ್ಕೆ ಗಾಫ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2016ರಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್‌ಗಾಗಿ ಆರಂಭದಿಂದ ಆಡಿದ ಏಳೂ ಪಂದ್ಯಗಳಲ್ಲಿ ಸೋತ, ಇವನೊಬ್ಬ ದಂಡಪಿಂಡ ಎಂದರು. ಮುಂದಿನ ವರ್ಷ ಶಾನ್ ಮೆಕ್‌ವೇ ಎಂಬ ಯುವ ಕೋಚ್ ಬಂದರು, ತಂಡ 11 ಪಂದ್ಯ ಗೆದ್ದಿತು. 2019ರ ಆರಂಭದಲ್ಲಿ ಗಾಫ್ ಸೂಪರ್ ಬೌಲ್ ಆಡುತ್ತಿದ್ದ. ಆಗ ಅಭಿಮಾನಿಗಳು ಎಲ್ಲ ಕೀರ್ತಿಯನ್ನೂ ಮೆಕ್‌ವೇಗೆ ಕೊಟ್ಟರು. 2021ರಲ್ಲಿ ಮೆಕ್‌ವೇ ಅವನನ್ನು ಡೆಟ್ರಾಯಿಟ್‌ಗೆ ಸಾಗಹಾಕಿ, ಬದಲಿಗೆ ಬಂದ ಮ್ಯಾಥ್ಯೂ ಸ್ಟ್ಯಾಫರ್ಡ್ ಜೊತೆ ಅದೇ ಋತುವಿನಲ್ಲಿ ಕಪ್ ಗೆದ್ದರು. ವಾದ ಮುಗಿಯಿತು ಎಂದುಕೊಂಡರೆ, ಡೆಟ್ರಾಯಿಟ್‌ನಲ್ಲಿ ಬೆನ್ ಜಾನ್ಸನ್ ಎಂಬ ಆಕ್ರಮಣದ ಕೋಚ್ ಸಿಕ್ಕಿ ಗಾಫ್ ಮತ್ತೆ ಎದ್ದ. 2024ರಲ್ಲಿ ಆ ತಂಡ 17ರಲ್ಲಿ 15 ಗೆದ್ದಿತು. ಆ ಥ್ಯಾಂಕ್ಸ್‌ಗಿವಿಂಗ್ ದಿನ ಎದುರು ಪಾಳಯದಲ್ಲಿದ್ದವರು ಇವರೇ ಇಬ್ಬರು.

ಇದರ ಉಲ್ಟಾ ಸಾಕ್ಷ್ಯ ನ್ಯೂ ಇಂಗ್ಲೆಂಡ್‌ನಲ್ಲಿದೆ. ಬಿಲ್ ಬೆಲಿಚಿಕ್, ಟಾಮ್ ಬ್ರೇಡಿ ಸೇರಿ ಆರು ಸೂಪರ್ ಬೌಲ್ ಗೆದ್ದರು. ಇದರಲ್ಲಿ ಯಾರದು ಎಷ್ಟು ಎಂದು ಇಪ್ಪತ್ತು ವರ್ಷ ವಾದ ನಡೆಯಿತು. ಬ್ರೇಡಿ 2020ರಲ್ಲಿ ಟ್ಯಾಂಪಾಗೆ ಹೋಗಿ ಮೊದಲ ವರ್ಷವೇ ಕಪ್ ಎತ್ತಿದ. ಬೆಲಿಚಿಕ್ ಅವನಿಲ್ಲದ ನಾಲ್ಕು ವರ್ಷಗಳಲ್ಲಿ 29 ಗೆದ್ದು 38 ಸೋತು ಮನೆಗೆ ಹೋದರು. ಒಂದು ಕಡೆ ಕೋಚ್ ಹುಡುಗನನ್ನು ಎತ್ತಿದ, ಇನ್ನೊಂದು ಕಡೆ ಕ್ವಾರ್ಟರ್‌ಬ್ಯಾಕ್ ಇಲ್ಲದೆ ಕೋಚ್ ಕುಸಿದ. ಇದರಿಂದ ಯಾವ ಸೂತ್ರ ಕಟ್ಟುತ್ತೀರಿ?

2025ರ ಜನವರಿಯಲ್ಲಿ ಬೇರ್ಸ್ ಅದೇ ಬೆನ್ ಜಾನ್ಸನ್ ಅವರನ್ನು ಹೆಡ್ ಕೋಚ್ ಮಾಡಿತು. ಹುಡುಗ ಆಗಲೇ ಮನೆಯಲ್ಲಿರುವಾಗ ಅವನಿಗಾಗಿಯೇ ಹುಡುಕಿ ತಂದ ಕೋಚ್. ಜೊತೆಗೆ ಆ ಐದು ಜನರ ಸಾಲಿನ ನಡುವಿನ ಮೂರು ಜಾಗಗಳನ್ನು ಪೋಲ್ಸ್ ಪೂರ್ತಿ ಬದಲಾಯಿಸಿದರು. ಕ್ಯಾನ್ಸಸ್ ಸಿಟಿಯಿಂದ ಜೋ ಥೂನಿ, ರ್‍ಯಾಮ್ಸ್‌ನಿಂದ ಜೋನಾ ಜಾಕ್ಸನ್, ಅಟ್ಲಾಂಟಾದಿಂದ ಡ್ರೂ ಡಾಲ್‌ಮನ್ ಬಂದರು. ಮೊದಲ ಎರಡು ಪಂದ್ಯ ಸೋತರು, ಎರಡನೆಯದು ಡೆಟ್ರಾಯಿಟ್‌ನಲ್ಲಿ, 21-52ರಿಂದ. ಹಳೆಯ ಜಗಳ ಹೊಸ ಹೆಸರಿನಲ್ಲಿ ಎದ್ದಿತು: ಜಾನ್ಸನ್ ದೊಡ್ಡವರೆನಿಸಿಕೊಂಡದ್ದು ಗಾಫ್‌ನಿಂದಲೋ, ವಿಲಿಯಮ್ಸ್‌ಗೆ ಕಲಿಯುವ ಶಕ್ತಿ ಇದೆಯೋ? ಆಮೇಲೆ ತಂಡ ಗೆಲ್ಲತೊಡಗಿತು. 11 ಗೆಲುವು, ವಿಭಾಗದ ಅಗ್ರಸ್ಥಾನ. ಕೊನೆಯ ನಿಮಿಷಗಳಲ್ಲಿ ಕೈಬಿಡುತ್ತಿದ್ದ ತಂಡ ಕೊನೆಯ ನಿಮಿಷಗಳಲ್ಲೇ ಪಂದ್ಯ ಕಿತ್ತುಕೊಳ್ಳುವುದನ್ನು ಕಲಿತಿತ್ತು. ವಿಲಿಯಮ್ಸ್ ಕೆಳಗೆ ಬಿದ್ದದ್ದು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕಡಿಮೆ ಬಾರಿ.

ಅವನು ಆ ಋತುವಿನಲ್ಲಿ ಎಸೆದದ್ದು 3,942 ಗಜ. 1995ರಲ್ಲಿ ಎರಿಕ್ ಕ್ರೇಮರ್ ಬರೆದಿದ್ದ ತಂಡದ ದಾಖಲೆ ಮುರಿಯಿತು. 4,000ಕ್ಕೆ 58 ಗಜ ಸಾಲಲಿಲ್ಲ. ಎಸೆತಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ ಅರವತ್ತಕ್ಕಿಂತ ಕಡಿಮೆ, ಹುಡುಗನ ಕೈ ಇನ್ನೂ ಪಳಗಿಲ್ಲ ಎಂದು ಒಬ್ಬರು. ಜಾನ್ಸನ್ ಓಟದ ಆಟವನ್ನೇ ಹೆಚ್ಚು ನೆಚ್ಚಿಕೊಂಡರು, ಇಲ್ಲದಿದ್ದರೆ ಆ 58 ಗಜ ಒಂದು ಮಧ್ಯಾಹ್ನದ ಕೆಲಸ ಎಂದು ಇನ್ನೊಬ್ಬರು.